ವಡಾಪಾವಿನಲ್ಲಿ ಚಟ್ನಿ ಯಾರು?

ತ್ರಯೈಕ್ಯ ಭಾನುವಾರ ಮುಂಬಯಿಗೆ ಹೆಚ್ಚಾಗಿ ಮಳೆಯ ಕೈಹಿಡಿದುಕೊಂಡೇ ಬರುತ್ತದೆ. ಈಸ್ಟರಿನಿಂದ ಐವತ್ತನೆಯ ದಿನಕ್ಕೆ ಬರುವ ಪಂಚಾಶತ್ತಮ ಹಬ್ಬದ ಮುಂದಿನ ಭಾನುವಾರವೇ ತ್ರಯೈಕ್ಯ ಭಾನುವಾರವಾದ್ದರಿಂದ, ಈಸ್ಟರಿನ ತಾರೀಖು ಹಿಂದೆ ಮುಂದೆ ಆದಂತೆ ಇದೂ ಮೇ ತಿಂಗಳ ನಡುಭಾಗದಿಂದ ಜೂನ್ 20ರ ವರೆಗೆ ಸರಿದಾಡುತ್ತದೆ. 2025ರಲ್ಲಿ ಅದು ಜೂನ್ 15ಕ್ಕೆ ಬಂದಿತ್ತು. ಮಳೆಯಂತೂ ಆ ವರ್ಷ ಮೇ 26ಕ್ಕೇ ಊರಿಗೆ ಕಾಲಿಟ್ಟಿತ್ತು. ಆ ದಿನ ನಮ್ಮ ಕನ್ನಡ ಕ್ರೈಸ್ತ ಸಭೆಯ ಸಂಡೇ ಸ್ಕೂಲಿನ ಹದಿನಾಲ್ಕು ಮಂದಿ ಮಕ್ಕಳು ಒದ್ದೆ ಕೊಡೆಗಳನ್ನು ಮೆಟ್ಟಿಲ ಬಳಿ ಒರಗಿಸಿಟ್ಟು, ಪ್ಲಾಸ್ಟಿಕ್ ಚೀಲಗಳಲ್ಲಿ ಜೋಪಾನವಾಗಿ ಸುತ್ತಿ ತಂದಿದ್ದ ಸಾಮಾನುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹಿಂದಿನ ವಾರ ನಾನು ಹೇಳಿದ್ದು ಇಷ್ಟೇ: ತಂದೆ, ಮಗ, ಪವಿತ್ರಾತ್ಮ ಎಂದು ಮೂವರಾಗಿದ್ದೂ ಒಬ್ಬನೇ ಆಗಿರುವ ತ್ರಿಯೇಕ ದೇವರನ್ನು ವಿವರಿಸಲು ನಿಮ್ಮ ಮನೆಯ ಯಾವ ವಸ್ತು ನೆರವಾದೀತು ಎಂದು ಯೋಚಿಸಿ, ಅದನ್ನು ತನ್ನಿ. ಬಂದದ್ದು ಒಂದು ಕೋಳಿಮೊಟ್ಟೆ, ಥರ್ಮಾಸಿನಲ್ಲಿ ಮಂಜುಗಡ್ಡೆ, ಒಂದು ಟಾರ್ಚು, ಎರಡು ಮೇಣದಬತ್ತಿ, ಲೋಕಲ್ ರೈಲಿನ ಸೀಸನ್ ಪಾಸು, ಅಪ್ಪನ ಒಂದು ಫೋಟೋ, ಮತ್ತು ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ವಡಾಪಾವ್. ಆ ವಡಾಪಾವಿನ ವಾಸನೆ ಪ್ರಾರ್ಥನೆಯ ಹೊತ್ತಿಗೇ ಕೋಣೆಯನ್ನು ತುಂಬಿಕೊಂಡಿತ್ತು.

ಹತ್ತೊಂಬತ್ತು ವರ್ಷಗಳಿಂದ ನಾನು ಈ ಪಾಠವನ್ನು ಮಾಡುತ್ತ ಬಂದಿದ್ದೇನೆ. ಮೊದಮೊದಲು ಒಂದು ಒಳ್ಳೆಯ ಹೋಲಿಕೆಯನ್ನು ಆರಿಸಿಕೊಂಡು, ಮಕ್ಕಳ ಪ್ರಶ್ನೆಗಳು ಅದಕ್ಕೆ ತಾಗದಂತೆ ಕಾಪಾಡುತ್ತ, ಗಂಟೆ ಹೊಡೆಯುವ ತನಕ ಹೇಗೋ ದಾಟಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಹೋಲಿಕೆಯನ್ನು ಮಕ್ಕಳ ಕೈಗೇ ಕೊಟ್ಟು ಅವರೇ ಅದನ್ನು ಮುರಿಯಲಿ ಎಂದು ಬಿಟ್ಟುಬಿಡುತ್ತೇನೆ, ಏಕೆಂದರೆ ಹೋಲಿಕೆ ಎಲ್ಲಿ ಮುರಿಯುತ್ತದೆಯೋ ಅಲ್ಲಿಯೇ ಸಭೆಯು ನೂರಾರು ವರ್ಷ ತಲೆ ಕೆಡಿಸಿಕೊಂಡು ಕಂಡುಕೊಂಡ ಮಾತು ಒಂದು ಸಿಗುತ್ತದೆ. ಮುರಿಯುವುದಕ್ಕೆಂದು ಎರಡು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದಿಡುತ್ತೇನೆ. ಮೂರರಲ್ಲಿ ಒಂದೊಂದೂ ಪೂರ್ತಿ ಅದೇ ಆಗಿದೆಯೇ ಅಥವಾ ಬರಿಯ ತುಂಡೇ ಎಂಬುದು ಮೊದಲನೆಯದು. ಮೂರೂ ಒಂದೇ ಹೊತ್ತಿಗೆ ಇದ್ದು, ಒಂದು ಇನ್ನೊಂದರೊಡನೆ ಮಾತಾಡಬಲ್ಲದೇ, ಒಂದು ಇನ್ನೊಂದನ್ನು ಪ್ರೀತಿಸಬಲ್ಲದೇ ಎಂಬುದು ಎರಡನೆಯದು. ಮಕ್ಕಳು ಇವಕ್ಕೆ ತಾವೇ ಹೆಸರಿಟ್ಟಿದ್ದಾರೆ: ಮೊದಲನೆಯದು ತುಂಡು ಪ್ರಶ್ನೆ, ಎರಡನೆಯದು ಯೊರ್ದನ್ ಪ್ರಶ್ನೆ. ಯೇಸುವಿನ ದೀಕ್ಷಾಸ್ನಾನದ ದಿನ ಯೊರ್ದನ್ ಹೊಳೆಯಲ್ಲಿ ಮಗನು ನೀರಿನಿಂದ ಮೇಲಕ್ಕೆ ಬರುತ್ತಿದ್ದಾಗಲೇ ಆತ್ಮನು ಪಾರಿವಾಳದ ಹಾಗೆ ಇಳಿದು ಬಂದದ್ದು, ಅದೇ ಗಳಿಗೆಯಲ್ಲಿ ಮೇಲಿನಿಂದ ತಂದೆಯ ಧ್ವನಿ ಕೇಳಿಸಿದ್ದು ಮತ್ತಾಯನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿದೆ. ಮೂವರೂ ಒಂದೇ ಚಿತ್ರದಲ್ಲಿ ಕಾಣುವ ಆ ಗಳಿಗೆಗೆ ಸರಿಹೊಂದದ ಹೋಲಿಕೆ ಯಾವುದೂ ನಮ್ಮ ತರಗತಿಯಲ್ಲಿ ಪಾಸಾಗುವುದಿಲ್ಲ.

ಮೊಟ್ಟೆಯ ಕಥೆ ಬೇಗ ಮುಗಿಯಿತು. ಚಿಪ್ಪು, ಬಿಳಿಭಾಗ, ಹಳದಿ, ಮೂರೂ ಸೇರಿ ಒಂದು ಮೊಟ್ಟೆ ಎಂದು ತಂದವನು ಹೇಳಿ ಮುಗಿಸುವುದರೊಳಗೆ ತುಂಡು ಪ್ರಶ್ನೆ ಬಂದು ಕುಳಿತಿತು. ಚಿಪ್ಪೊಂದನ್ನೇ ಕೊಟ್ಟು ಮೊಟ್ಟೆ ಕೊಟ್ಟೆ ಎಂದರೆ ಯಾರೂ ಒಪ್ಪುವುದಿಲ್ಲ. ಆದರೆ ಮಗನನ್ನು ಕಂಡವನು ದೇವರ ಮೂರನೇ ಒಂದು ಪಾಲನ್ನು ಕಂಡನು ಎಂದು ನಾವು ನಂಬುವುದಿಲ್ಲ. ಲೋಕಲ್ ರೈಲಿನ ಪಾಸು ತಂದಿದ್ದ ಹುಡುಗಿಯದೂ ಅದೇ ಪಾಡಾಯಿತು. ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಎಂಬ ಮೂರು ಲೈನುಗಳಿದ್ದರೂ ಮುಂಬಯಿ ಲೋಕಲ್ ಒಂದೇ ಎಂದು ಅವಳು ಚೆಂದವಾಗಿ ವಿವರಿಸಿದಳು. ಐರೋಳಿಯಿಂದ ಬರುವ ಹುಡುಗನಿಗೆ ಮಾತ್ರ ಬೇಸರವಾಯಿತು. "ಟೀಚರ್, ನಮ್ಮ ಟ್ರಾನ್ಸ್‌ಹಾರ್ಬರ್ ಲೈನನ್ನು ಬಿಟ್ಟೇ ಬಿಟ್ಟಳು, ಅದು ನಾಲ್ಕಾಯ್ತು" ಎಂದು ಅವನು ಎದ್ದು ನಿಂತು ಹೇಳಿದಾಗ ತರಗತಿಯೆಲ್ಲ ನಕ್ಕಿತು, ಅವಳೂ ನಕ್ಕಳು.

ಸಾಮಾನು ಹಿಡಿದು ಈ ಪಾಠ ಮಾಡುವ ಅಭ್ಯಾಸ ನಮ್ಮ ಕಾಲದ್ದಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಸೈಪ್ರಸ್ ದ್ವೀಪದ ಬಿಷಪ್ ಸ್ಪಿರಿಡಾನ್ ಎಂಬವರು ಮೊದಲು ಕುರಿ ಕಾಯುತ್ತಿದ್ದವರು. 325ರಲ್ಲಿ ನೈಸಿಯಾ ಪಟ್ಟಣದಲ್ಲಿ ಸಭೆಯ ಹಿರಿಯರೆಲ್ಲ ಕೂಡಿದ್ದಾಗ ಅವರು ಕೈಯಲ್ಲಿ ಒಂದು ಇಟ್ಟಿಗೆಯನ್ನು ಹಿಡಿದು ಹಿಂಡಿದರೆಂದೂ, ಅದರಿಂದ ಬೆಂಕಿ ಮೇಲಕ್ಕೆ ಹಾರಿ, ನೀರು ಕೆಳಕ್ಕೆ ಸುರಿದು, ಮಣ್ಣು ಅಂಗೈಯಲ್ಲಿ ಉಳಿಯಿತೆಂದೂ ಪೂರ್ವದ ಸಭೆಗಳಲ್ಲಿ ಐತಿಹ್ಯವಿದೆ. ಈ ಕಥೆಯನ್ನು ಕೇಳಿದ ಮಕ್ಕಳು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಆರನೆಯ ತರಗತಿಯ ಹುಡುಗನೊಬ್ಬ, ತುಂಬ ಮರ್ಯಾದೆಯಿಂದ, "ಬೆಂಕಿ ಹೋದ ಮೇಲೆ ಉಳಿದದ್ದು ಇಟ್ಟಿಗೆ ಅಲ್ಲ ಅಲ್ವಾ ಟೀಚರ್?" ಎಂದು ಕೇಳಿದ. ಸಂತರ ಇಟ್ಟಿಗೆಯೂ ತುಂಡು ಪ್ರಶ್ನೆಯಲ್ಲಿ ಫೇಲಾಯಿತು.

ಮಂಜುಗಡ್ಡೆ, ನೀರು, ಹಬೆ ಎಂಬ ಹೋಲಿಕೆ ಎಲ್ಲ ಸಂಡೇ ಸ್ಕೂಲುಗಳಲ್ಲೂ ಬರುತ್ತದೆ. ಥರ್ಮಾಸು ತಂದಿದ್ದ ಹುಡುಗಿ ಮುಚ್ಚಳದಲ್ಲಿ ಎರಡು ಗಡ್ಡೆಗಳನ್ನು ಸುರಿದು ಎಲ್ಲರಿಗೂ ತೋರಿಸಿದಳು. ಅಷ್ಟು ಹೊತ್ತಿಗೆ ಅವು ಅಂಚಿನಲ್ಲಿ ಕರಗಿ, ಒಂದಕ್ಕೊಂದು ಅಂಟಿಕೊಂಡು, ನಡುವೆ ಒಂದು ಸಣ್ಣ ಗುಳ್ಳೆಯನ್ನು ಹಿಡಿದುಕೊಂಡಿದ್ದವು. ಇಲ್ಲಿ ತುಂಡು ಪ್ರಶ್ನೆ ನಡೆಯುವುದಿಲ್ಲ, ಏಕೆಂದರೆ ಮಂಜುಗಡ್ಡೆ ಪೂರ್ತಿ ನೀರೇ, ಹಬೆಯೂ ಪೂರ್ತಿ ನೀರೇ. ಆದರೆ ಯೊರ್ದನ್ ಪ್ರಶ್ನೆ ಬಾಗಿಲಲ್ಲೇ ಕಾದಿತ್ತು. ಗಡ್ಡೆ ಕರಗಿದರೆ ಗಡ್ಡೆ ಇಲ್ಲ, ನೀರು ಕುದ್ದು ಹೋದರೆ ನೀರಿಲ್ಲ. ಹಾಗಾದರೆ ದೇವರು ಒಮ್ಮೆ ತಂದೆಯ ವೇಷ, ಇನ್ನೊಮ್ಮೆ ಮಗನ ವೇಷ, ಮತ್ತೊಮ್ಮೆ ಆತ್ಮನ ವೇಷ ಹಾಕಿಕೊಳ್ಳುವವನಾಗಿಬಿಡುತ್ತಾನೆ. ಮೂರನೆಯ ಶತಮಾನದ ಆರಂಭದಲ್ಲಿ ರೋಮಿನಲ್ಲಿದ್ದ ಸಬೆಲ್ಲಿಯಸ್ ಎಂಬ ಬೋಧಕನ ಹೆಸರು ಈ ಬೋಧನೆಗೆ ಅಂಟಿಕೊಂಡಿದೆ, ಮತ್ತು ಸಭೆಯು ಅದನ್ನು ತಪ್ಪು ಬೋಧನೆಯೆಂದು ಆಗಲೇ ತಳ್ಳಿಹಾಕಿತು.

ಆ ಹುಡುಗಿಯ ಅಣ್ಣ ಇಂಜಿನಿಯರಿಂಗ್ ಓದುತ್ತಾನೆ, ತಂಗಿಯನ್ನು ಕರೆದುಕೊಂಡು ಹೋಗಲು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ತಂಗಿ ಸೋಲುವುದನ್ನು ನೋಡಲಾರದೆ ಅವನು ಎದ್ದು, ನೀರಿಗೆ ತ್ರಿಬಿಂದು ಎಂಬುದೊಂದಿದೆ ಎಂದು ಹೇಳಿದ: ಉಷ್ಣತೆ 0.01 ಡಿಗ್ರಿ ಸೆಲ್ಸಿಯಸ್ ಇದ್ದು, ಒತ್ತಡ ಸುಮಾರು 611 ಪಾಸ್ಕಲ್‌ಗೆ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದಷ್ಟಕ್ಕೆ ಇಳಿದಾಗ, ಮಂಜುಗಡ್ಡೆ, ನೀರು, ಹಬೆ ಮೂರೂ ಒಂದೇ ಪಾತ್ರೆಯಲ್ಲಿ ಒಟ್ಟಿಗೆ ಇರುತ್ತವೆ. 2019ರ ತನಕ ಕೆಲ್ವಿನ್ ಎಂಬ ಉಷ್ಣತೆಯ ಅಳತೆಯನ್ನು ಆ ಬಿಂದುವಿನ ಆಧಾರದ ಮೇಲೆಯೇ ನಿರ್ಧರಿಸುತ್ತಿದ್ದರಂತೆ. ಇದನ್ನು ಕೇಳಿ ನನಗೆ ನಿಜವಾಗಿಯೂ ಸಂತೋಷವಾಯಿತು. ಒಬ್ಬ ಅಣ್ಣ ತನ್ನ ತಂಗಿಗಾಗಿ ಪ್ರಯೋಗಶಾಲೆಯ ಪಾಠವನ್ನು ದೇವಾಲಯಕ್ಕೆ ಹೊತ್ತು ತಂದಿದ್ದ. ಮೂರೂ ಒಂದೇ ಹೊತ್ತಿಗೆ ಇರುತ್ತವೆಯೇ ಎಂಬ ಅರ್ಧ ಪ್ರಶ್ನೆಗೆ ಅವನು ಉತ್ತರ ಕೊಟ್ಟಿದ್ದ. ಉಳಿದರ್ಧವನ್ನು ಅವನ ತಂಗಿಯೇ ಮುಗಿಸಿದಳು: "ಆದ್ರೂ ಅಣ್ಣ, ಐಸು ನೀರಿನ ಜೊತೆ ಮಾತಾಡಲ್ಲ."

ಅಪ್ಪನ ಫೋಟೋ ತಂದಿದ್ದವನ ಸರದಿ ಆಮೇಲೆ. ತನ್ನ ಪಪ್ಪ ಮನೆಯಲ್ಲಿ ಪಪ್ಪ, ಅಜ್ಜಿಗೆ ಮಗ, ಆಫೀಸಿನಲ್ಲಿ ಮ್ಯಾನೇಜರು. ಒಬ್ಬರೇ ಮನುಷ್ಯ, ಮೂರು ಹೆಸರು ಎಂದು ಅವನು ಹೇಳಿದ. ಎಂಟು ವರ್ಷದ ಒಬ್ಬಳು ಕಣ್ಣರಳಿಸಿ ಕೇಳಿದಳು: "ಹಾಗಾದ್ರೆ ನಿನ್ನ ಪಪ್ಪ ಮ್ಯಾನೇಜರಿಗೆ ಫೋನ್ ಮಾಡಿ ರಜಾ ಕೇಳ್ತಾರಾ?" ನಗು ನಿಲ್ಲುವುದಕ್ಕೆ ಸುಮಾರು ಹೊತ್ತು ಹಿಡಿಯಿತು. ಆ ನಗು ಆರುವ ಮೊದಲೇ ನಾನು ಗೆತ್ಸೇಮನೆ ತೋಟದ ಭಾಗವನ್ನು ಓದಿಸಿದೆ. ಯೇಸು ಅಲ್ಲಿ ಬೋರಲಬಿದ್ದು, ತಂದೆಯೇ ಎಂದು ಕರೆದು, ನನ್ನ ಚಿತ್ತದಂತೆ ಅಲ್ಲ, ನಿನ್ನ ಚಿತ್ತದಂತೆಯೇ ಆಗಲಿ ಎಂದು ಬೇಡಿಕೊಂಡರು. ಅವರು ತಮ್ಮೊಂದಿಗೆ ತಾವೇ ಮಾತಾಡಿಕೊಳ್ಳುತ್ತಿದ್ದರೆಂದರೆ ಆ ರಾತ್ರಿಯ ಬೆವರಿಗೆ ಅರ್ಥವೇ ಇರುವುದಿಲ್ಲ. ಫೋನಿನ ಮಾತಿಗೆ ನಕ್ಕ ಮಕ್ಕಳಿಗೆ ಇದು ತಟ್ಟನೆ ಹೊಳೆಯಿತು. ಸಬೆಲ್ಲಿಯಸ್ಸನ ಬೋಧನೆಗೆ ಇದಕ್ಕಿಂತ ಚಿಕ್ಕ ಉತ್ತರವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಟಾರ್ಚಿನ ವಿಷಯ ಸ್ವಲ್ಪ ಬಿಗಿಯಾದದ್ದು. ಬಲ್ಬು, ಬೆಳಕು, ಬಿಸಿ ಎಂದು ತಂದವನು ಹೇಳಿದ, ತಕ್ಷಣ ಪಕ್ಕದವನು ಅದನ್ನು ಮುಟ್ಟಿ ನೋಡಿ, ಇದು ಎಲ್‌ಇಡಿ, ಬಿಸಿಯೇ ಆಗುತ್ತಿಲ್ಲ ಎಂದ. ಆದರೆ ನಿಜವಾದ ತೊಡಕು ಬೇರೆ ಕಡೆ ಇದೆ. ಬಲ್ಬು ಮೊದಲೇ ಇತ್ತು, ಗುಂಡಿ ಒತ್ತಿದ ಮೇಲೆ ಬೆಳಕು ಬಂತು. ಹಾಗೆಯೇ ತಂದೆ ಮೊದಲು ಇದ್ದು, ಮಗ ಆಮೇಲೆ ಬಂದವನು ಎಂದಾಗುತ್ತದೆ. ಅಲೆಕ್ಸಾಂಡ್ರಿಯಾದ ಪಾದ್ರಿ ಆರಿಯಸ್ ಕಲಿಸಿದ್ದು ಇದನ್ನೇ: ಮಗನು ಇಲ್ಲದ ಒಂದು ಸ್ಥಿತಿ ಇತ್ತು, ಅವನು ಸೃಷ್ಟಿಯಲ್ಲಿ ಮೊದಲನೆಯವನು, ಆದರೆ ಸೃಷ್ಟಿಯೇ. ನೈಸಿಯಾದಲ್ಲಿ ಹಿರಿಯರು ಕೂಡಿದ್ದು ಈ ಮಾತಿಗೆ ಉತ್ತರ ಕೊಡಲು, ಮತ್ತು ಅವರ ಉತ್ತರವೂ ಬೆಳಕಿನದೇ ಆಗಿತ್ತು. ದೇವರಿಂದ ದೇವರು, ಬೆಳಕಿನಿಂದ ಬೆಳಕು ಎಂದು ನಾವು ವಿಶ್ವಾಸ ಪ್ರಮಾಣದಲ್ಲಿ ಈಗಲೂ ಹೇಳುತ್ತೇವೆ. 2025ಕ್ಕೆ ಆ ಕೂಟ ನಡೆದು ಸರಿಯಾಗಿ 1700 ವರ್ಷವಾಗಿತ್ತು. ಅದನ್ನು ತೋರಿಸಲೆಂದು ಮೇಣದಬತ್ತಿ ತಂದಿದ್ದ ಹುಡುಗಿಯಿಂದ ಒಂದು ಬತ್ತಿಯನ್ನು ಹಚ್ಚಿಸಿ, ಅದರಿಂದ ಇನ್ನೊಂದನ್ನು ಹಚ್ಚಿಸಿದೆ. ಎರಡನೆಯದಕ್ಕೆ ಉರಿ ಕೊಟ್ಟಿದ್ದರಿಂದ ಮೊದಲನೆಯದು ಒಂದಿಷ್ಟೂ ಕಡಿಮೆಯಾಗಲಿಲ್ಲ. ಮಕ್ಕಳು ಆ ಎರಡು ಉರಿಗಳನ್ನು ಹತ್ತಿರ ಹತ್ತಿರ ತಂದಾಗ ಅವು ಕೂಡಿ ಒಂದೇ ಉದ್ದನೆಯ ನಾಲಗೆಯಾದವು. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದರು. ಅಷ್ಟರಲ್ಲಿ ಯಾರೋ ಊದಿದರು, ಒಂದು ಆರಿತು, ಇನ್ನೊಂದು ಉರಿಯುತ್ತಲೇ ಇತ್ತು. "ಎರಡು ಬತ್ತಿ ಅಂದ್ರೆ ಎರಡೇ" ಎಂದು ಊದಿದವನು ಹೇಳಿದ. ಇಸ್ರಾಯೇಲ್ಯರಿಗೆ ಮೋಶೆ ಹೇಳಿದ ಮಾತು, ನಮ್ಮ ದೇವರಾದ ಯೆಹೋವನು ಒಬ್ಬನೇ ಎಂಬುದು, ಇಲ್ಲಿ ಮುರಿದುಹೋಗುತ್ತದೆ. ಮೂರು ಬತ್ತಿಗಳೆಂದರೆ ಮೂವರು ದೇವರುಗಳು.

ಈಗ ವಡಾಪಾವ್. ಅದನ್ನು ತಂದ ಹುಡುಗ ಐದನೆಯ ತರಗತಿಯವನು, ವಾರವೆಲ್ಲ ಯೋಚಿಸಿದ್ದನೆಂಬುದು ಅವನ ಮುಖದಲ್ಲೇ ತಿಳಿಯುತ್ತಿತ್ತು. ಪೇಪರು ಬಿಚ್ಚಿ, ಪಾವನ್ನು ಎರಡೂ ಹೆಬ್ಬೆರಳುಗಳಿಂದ ಅಗಲಿಸಿ, ಒಳಗಿನ ವಡೆಯನ್ನೂ ಅದರ ಕೆಳಗೆ ಕೆಂಪಗೆ ಹಬ್ಬಿದ್ದ ಬೆಳ್ಳುಳ್ಳಿ ಚಟ್ನಿಯನ್ನೂ ತೋರಿಸಿದ. ಪಾವು ಎಲ್ಲವನ್ನೂ ಹಿಡಿದುಕೊಳ್ಳುವುದರಿಂದ ಅದು ತಂದೆ. ವಡೆ ಮಗ, ಏಕೆಂದರೆ ಬೇಯಿಸಿ, ಜಜ್ಜಿ, ಕುದಿಯುವ ಎಣ್ಣೆಯಲ್ಲಿ ಹಾಕಿದ್ದು ಅದನ್ನೇ. ಚಟ್ನಿ ಪವಿತ್ರಾತ್ಮ, ಏಕೆಂದರೆ ಪಂಚಾಶತ್ತಮ ದಿನದಲ್ಲಿ ಶಿಷ್ಯರ ಮೇಲೆ ಇಳಿದದ್ದು ಉರಿಯಂತಿದ್ದ ನಾಲಗೆಗಳು, ಚಟ್ನಿ ತಿಂದಾಗಲೂ ನಾಲಗೆ ಉರಿಯುತ್ತದೆ. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯವನ್ನು ಆ ಹುಡುಗ ಇಷ್ಟು ಗಮನವಿಟ್ಟು ಓದಿದ್ದಾನೆಂದು ತಿಳಿದು ನನ್ನ ಗಂಟಲು ಕಟ್ಟಿತು.

ತುಂಡು ಪ್ರಶ್ನೆ ಬರುವುದೆಂದು ನಾನು ಕಾದಿದ್ದೆ, ಆದರೆ ಬಂದದ್ದು ಬೇರೆ. ಅವನ ಗೆಳೆಯನೊಬ್ಬ, ತಿಂಡಿ ತೀರ್ಥದಲ್ಲಿ ಖಾರ ಮುಟ್ಟದವನು, ತುಂಬ ಚಿಂತೆಯಿಂದ ಹೇಳಿದ: "ಟೀಚರ್, ಅಮ್ಮ ನನಗೆ ಯಾವಾಗಲೂ ಚಟ್ನಿ ಬಿಟ್ಟೇ ಕೊಡಿಸ್ತಾಳೆ. ಆದ್ರೂ ಅದು ವಡಾಪಾವೇ ತಾನೆ?" ಹೌದು ಎನ್ನುವಂತಿರಲಿಲ್ಲ, ಇಲ್ಲ ಎನ್ನುವಂತೆಯೂ ಇರಲಿಲ್ಲ. ಚಟ್ನಿ ಇಲ್ಲದಿದ್ದರೂ ಅಂಗಡಿಯವನು ಅದನ್ನು ವಡಾಪಾವೆಂದೇ ಕರೆದು ದುಡ್ಡು ತೆಗೆದುಕೊಳ್ಳುತ್ತಾನೆ. ಹಾಗಾದರೆ ಪವಿತ್ರಾತ್ಮನನ್ನು ಬಿಟ್ಟರೂ ದೇವರು ದೇವರೇ ಎಂದು ಹೇಳಿದಂತಾಯಿತು.

ಆ ಮಗುವಿನ ಪ್ರಶ್ನೆ ಸಭೆಯ ಚರಿತ್ರೆಯಲ್ಲಿ ನಿಜವಾಗಿ ಎದ್ದ ಪ್ರಶ್ನೆ. 325ರ ನೈಸಿಯಾದ ವಿಶ್ವಾಸ ಪ್ರಮಾಣದಲ್ಲಿ ಮಗನ ವಿಷಯವಾಗಿ ಸಾಲು ಸಾಲು ಮಾತುಗಳಿವೆ. ಪವಿತ್ರಾತ್ಮನ ವಿಷಯವಾಗಿ ಇರುವುದು, ಪವಿತ್ರಾತ್ಮನನ್ನೂ ನಂಬುತ್ತೇವೆ ಎಂಬಷ್ಟೇ. ಅಲ್ಲಿಂದ ಮುಂದೆ ಕೆಲವರು, ಮಗನು ದೇವರು ಎಂಬುದನ್ನು ಒಪ್ಪಿದರೂ ಆತ್ಮನು ಸೇವೆ ಮಾಡುವ ಒಂದು ಶಕ್ತಿ ಮಾತ್ರ ಎನ್ನತೊಡಗಿದರು. ಕೈಸರೈಯದ ಬಿಷಪ್ ಬೆಸಿಲ್ ಈ ಮಾತಿಗೆ ಉತ್ತರವಾಗಿ ಪವಿತ್ರಾತ್ಮನ ಕುರಿತೇ ಒಂದು ಗ್ರಂಥವನ್ನು ಬರೆದರು. 381ರಲ್ಲಿ ಕಾನ್ಸ್ಟಾಂಟಿನೋಪಲಿನಲ್ಲಿ ಕೂಡಿದ ಹಿರಿಯರು ಆತ್ಮನನ್ನು ಕರ್ತನೂ ಜೀವದಾಯಕನೂ ತಂದೆಯೊಂದಿಗೂ ಮಗನೊಂದಿಗೂ ಆರಾಧನೆಗೆ ಯೋಗ್ಯನೂ ಎಂದು ಸಾರಿದ ಪ್ರಮಾಣವನ್ನೇ ನಾವು ಇಂದಿಗೂ ನೈಸಿಯಾದ ಪ್ರಮಾಣವೆಂದು ಹೇಳುತ್ತೇವೆ. ನಡುವೆ 56 ವರ್ಷ ಕಳೆದಿತ್ತು. ಇದನ್ನು ನಾನು ಆ ಹುಡುಗನಿಗೆ ಅವನ ಭಾಷೆಯಲ್ಲೇ ಹೇಳಿದೆ: ನೀನು ಕೇಳಿದ ಹಾಗೆಯೇ ದೊಡ್ಡವರೂ ಕೇಳಿದರು, ಮತ್ತು ಚಟ್ನಿ ಬಿಟ್ಟರೆ ನಡೆಯುವುದಿಲ್ಲ ಎಂದು ತಿಳಿಸಿ ಹೇಳುವುದಕ್ಕೆ 56 ವರ್ಷ ಹಿಡಿಯಿತು. ಅವನು ಗಂಭೀರವಾಗಿ ತಲೆಯಾಡಿಸಿದ.

ಬೆಸಿಲರ ಗೆಳೆಯ, ನಜಿಯಾಂಜಸ್ಸಿನ ಗ್ರೆಗೊರಿ, ಅದೇ ಕಾಲದಲ್ಲಿ ಮಾಡಿದ ಪ್ರವಚನವೊಂದರ ಕೊನೆಯ ಭಾಗವನ್ನು ನಾನು ಪ್ರತಿ ವರ್ಷ ಈ ಪಾಠಕ್ಕೆ ಮುಂಚೆ ಓದಿಕೊಳ್ಳುತ್ತೇನೆ. ಒರತೆ, ಚಿಲುಮೆ, ನದಿ ಎಂಬ ಹೋಲಿಕೆಯನ್ನು ಅವರು ಕೈಗೆತ್ತಿಕೊಂಡು ನೋಡಿದರು. ಸೂರ್ಯ, ಕಿರಣ, ಬೆಳಕು ಎಂಬುದನ್ನೂ ನೋಡಿದರು. ಒಂದೊಂದರಲ್ಲೂ ಯಾವುದೋ ಒಂದು ಕೊರತೆ ಕಂಡು ಎಲ್ಲವನ್ನೂ ಕೆಳಗಿಟ್ಟರು. ಈ ಭೂಮಿಯ ಮೇಲೆ ಅದಕ್ಕೆ ಸಾಟಿಯಾಗುವ ವಸ್ತು ತಮಗೆ ಸಿಗಲಿಲ್ಲವೆಂದು ಅವರು ನೇರವಾಗಿ ಒಪ್ಪಿಕೊಂಡಿದ್ದಾರೆ. ತ್ರಯೈಕ್ಯದ ಕುರಿತು ಇಷ್ಟು ಆಳವಾಗಿ ಬೋಧಿಸಿದವರ ಮೇಜಿನ ಮೇಲೂ ನಮ್ಮ ಮೇಜಿನ ಹಾಗೆಯೇ ಸೋತ ಸಾಮಾನುಗಳ ಸಾಲಿತ್ತೆಂದು ನೆನೆದರೆ ನನಗೆ ಬಹಳ ಧೈರ್ಯ ಬರುತ್ತದೆ.

ನಮ್ಮ ಕಟ್ಟಡದಲ್ಲಿ ಎದುರು ಮನೆಯ ಕಾಕೂ ಹುಬ್ಬಳ್ಳಿಯವರು. ಹಿಂದಿನ ವಾರ ನಾನು ಈ ಪಾಠದ ತಯಾರಿಯಲ್ಲಿದ್ದಾಗ ಒಳಗೆ ಬಂದು, "ಅಕ್ಕಾರ, ಇದು ನಮ್ಮ ತ್ರಿಮೂರ್ತಿ ಇದ್ಹಾಂಗ ಅದ ಏನ್ರಿ?" ಎಂದು ಕೇಳಿದ್ದರು. ಮುಂಬಯಿಯಲ್ಲಿ ಈ ಪ್ರಶ್ನೆ ಬರುವುದು ಸಹಜ. ಗೇಟ್‌ವೇಯಿಂದ ದೋಣಿ ಹತ್ತಿ ಘಾರಾಪುರಿಗೆ, ಅಂದರೆ ಎಲಿಫೆಂಟಾಕ್ಕೆ ಹೋದರೆ, ಮೂರು ಮುಖಗಳ ಆ ಮಹಾಶಿಲ್ಪವನ್ನು ಜನ ತ್ರಿಮೂರ್ತಿಯೆಂದೇ ಕರೆಯುತ್ತಾರೆ. ಅದು ಸದಾಶಿವನದು, ಮೂರೂ ಶಿವನದೇ ಮುಖಗಳು ಎಂದು ಶಿಲ್ಪಶಾಸ್ತ್ರ ಬಲ್ಲವರು ಹೇಳುತ್ತಾರೆ. ಕಾಕೂಗೆ ನಾನು ಹೇಳಿದ್ದು ಇದು: ಬ್ರಹ್ಮ ಸೃಷ್ಟಿಗೆ, ವಿಷ್ಣು ಸ್ಥಿತಿಗೆ, ಶಿವ ಲಯಕ್ಕೆ ಎಂದು ನೀವು ಕೆಲಸಗಳನ್ನು ಹೇಳುತ್ತೀರಿ, ನಮ್ಮಲ್ಲಿ ಕೆಲಸ ಹಂಚಿಕೆಯಾಗಿಲ್ಲ, ಸೃಷ್ಟಿಯಲ್ಲೂ ಮೂವರು, ರಕ್ಷಣೆಯಲ್ಲೂ ಮೂವರು. ನಿಮ್ಮ ನಂಬಿಕೆಯನ್ನು ತಂದು ನನ್ನದಕ್ಕೆ ಅಂಟಿಸಿದರೆ ಇಬ್ಬರಿಗೂ ಅನ್ಯಾಯ. ಅವರು ಒಪ್ಪಿ, ಚಹಾ ಕುಡಿದು, ಹಾಲು, ನೀರು, ಚಹಾಪುಡಿ ಸೇರಿ ಒಂದು ಚಹಾ ಆಗುವುದಿಲ್ಲವೇ ಎಂದು ತಾವೇ ಒಂದು ಹೋಲಿಕೆ ಕೊಟ್ಟರು. ಸಕ್ಕರೆ ಯಾರು ಎಂದು ನಾನು ಕೇಳಿದಾಗ, ತಮಗೆ ಡಾಕ್ಟರು ಸಕ್ಕರೆ ಬಿಡಿಸಿದ್ದಾರೆ, ಹಾಗಾಗಿ ತಮ್ಮ ಚಹಾದಲ್ಲಿ ಮೂರೇ ಎಂದರು. ಬಂಗಾಳದ ಕ್ರೈಸ್ತ ಚಿಂತಕ ಬ್ರಹ್ಮಬಾಂಧವ ಉಪಾಧ್ಯಾಯರು 1898ರಲ್ಲಿ ಸತ್, ಚಿತ್, ಆನಂದ ಎಂಬ ಮೂರು ಪದಗಳಿಂದಲೇ ತ್ರಿಯೇಕ ದೇವರಿಗೆ ಸಂಸ್ಕೃತದಲ್ಲಿ ಒಂದು ಸ್ತುತಿಯನ್ನು ರಚಿಸಿದ್ದರು. ಈ ದೇಶದ ಮಾತಿನಲ್ಲಿ ಈ ಗುಟ್ಟನ್ನು ಹೇಳಬೇಕೆಂದು ಹಂಬಲಿಸಿದವರಲ್ಲಿ ಅವರನ್ನು ನಾನು ತುಂಬ ಗೌರವದಿಂದ ನೆನೆಯುತ್ತೇನೆ.

ನಮ್ಮ ಕನ್ನಡವೂ ಈ ವಿಷಯದಲ್ಲಿ ಬರಿಗೈಯಲ್ಲಿ ನಿಂತಿಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಓದುತ್ತಾರೆ, ಕನ್ನಡ ಅಕ್ಷರವನ್ನು ಸಂಡೇ ಸ್ಕೂಲಿನಲ್ಲೇ ಕಲಿಯುತ್ತಾರೆ. ಅಂಥ ಒಬ್ಬ ಹುಡುಗ ಹಳೆಯ ಕನ್ನಡ ಬೈಬಲಿನ ಆದಿಕಾಂಡದ ಮೊದಲ ವಚನವನ್ನು ಬೆರಳಿಟ್ಟು ಓದುತ್ತಿದ್ದ: ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು. ಅಲ್ಲಿಗೆ ನಿಲ್ಲಿಸಿ ತಲೆಯೆತ್ತಿ, "ಟೀಚರ್, ಪ್ರಿಂಟು ತಪ್ಪಾಗಿದೆ, ದೇವರು ಅಂದ್ರೆ ಮಾಡಿದರು ಅಂತ ಬರಬೇಕಲ್ವಾ?" ಎಂದ. ತಪ್ಪಾಗಿಲ್ಲ. ದೇವರು ಎಂಬುದರಲ್ಲಿ ಬಹುವಚನದ ರೂಪವಿದೆ, ಗೌರವಕ್ಕೆ ಬಂದದ್ದು. ಕ್ರಿಯಾಪದ ಮಾತ್ರ ಏಕವಚನದಲ್ಲಿ ನಿಂತಿದೆ. ಮೂಲ ಹೀಬ್ರೂ ಭಾಷೆಯಲ್ಲೂ ಹಾಗೆಯೇ ಇದೆ ಎಂಬುದು ನನ್ನನ್ನು ಪ್ರತಿ ಸಾರಿಯೂ ಬೆರಗುಗೊಳಿಸುತ್ತದೆ: ಎಲೋಹೀಮ್ ಎಂಬ ಪದದ ಆಕಾರ ಬಹುವಚನ, ಉಂಟುಮಾಡಿದನು ಎಂಬರ್ಥದ ಬಾರಾ ಎಂಬ ಕ್ರಿಯಾಪದ ಏಕವಚನ. ಇದು ತ್ರಯೈಕ್ಯಕ್ಕೆ ಪುರಾವೆಯಲ್ಲ, ಎರಡೂ ಭಾಷೆಗಳ ಮರ್ಯಾದೆಯ ರೀತಿ ಅಷ್ಟೇ, ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳುತ್ತೇನೆ. ಆದರೂ ಇಂಗ್ಲಿಷಿನಲ್ಲಿ ಓದಿದವರಿಗೆ ಎಂದೂ ಸಿಗದ ಈ ಸಣ್ಣ ಎಡವು ಕನ್ನಡದಲ್ಲಿ ಓದುವ ಮಗುವಿಗೆ ಮೊದಲ ಸಾಲಿನಲ್ಲೇ ಸಿಗುತ್ತದೆ. ಹೊಸ ಅನುವಾದಗಳಲ್ಲಿ ಕೆಲವು ಅದನ್ನು ಮಾಡಿದರು ಎಂದು ತಿದ್ದಿವೆ. ನನಗೆ ಹಳೆಯದೇ ಇಷ್ಟ.

ತರಗತಿ ಮುಗಿಯುವ ಮೊದಲು ಸಾಮಾನುಗಳನ್ನೆಲ್ಲ ಒತ್ತಟ್ಟಿಗೆ ಸರಿಸಿ, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ದೊಡ್ಡ ತ್ರಿಕೋನವನ್ನು ಬರೆದೆ. ಮೂರು ಮೂಲೆಗಳಲ್ಲಿ ತಂದೆ, ಮಗ, ಪವಿತ್ರಾತ್ಮ, ನಟ್ಟನಡುವೆ ದೇವರು. ಮೂಲೆಯಿಂದ ಮೂಲೆಗೆ ಹೋಗುವ ಗೆರೆಗಳ ಮೇಲೆ ಅಲ್ಲ ಎಂದೂ, ಮೂಲೆಯಿಂದ ನಡುವಿಗೆ ಹೋಗುವ ಗೆರೆಗಳ ಮೇಲೆ ಹೌದು ಎಂದೂ ಬರೆದಿರುತ್ತದೆ. ಈ ಚಿತ್ರ ಯುರೋಪಿನಲ್ಲಿ 13ನೆಯ ಶತಮಾನದಿಂದಲೂ ಬಳಕೆಯಲ್ಲಿದೆ. ನಮ್ಮ ಮಕ್ಕಳು ಅದರ ಮೇಲೆ ಕುಂಟೆಬಿಲ್ಲೆ ಆಡುತ್ತಾರೆ. ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ, ತಂದೆ ಮಗನಲ್ಲ, ಮಗ ಪವಿತ್ರಾತ್ಮನಲ್ಲ, ಪವಿತ್ರಾತ್ಮ ತಂದೆಯಲ್ಲ ಎಂದು ಹೊರಗೆರೆಯನ್ನು ಸುತ್ತಿ, ಆಮೇಲೆ ತಂದೆ ದೇವರು, ಮಗ ದೇವರು, ಪವಿತ್ರಾತ್ಮ ದೇವರು ಎಂದು ಕೂಗುತ್ತ ನಡುವಿಗೆ ಹಾರಿ ಎರಡೂ ಕಾಲೂರಿ ನಿಲ್ಲಬೇಕು. ಹೌದು ಎನ್ನಬೇಕಾದಲ್ಲಿ ಅಲ್ಲ ಎಂದವರು ಔಟ್. ಲೆಕ್ಕದಲ್ಲಿ ಜಾಣನಾದ ಒಬ್ಬ ಹುಡುಗ ಕುಪ್ಪಳಿಸುತ್ತಲೇ, ಕೂಡಿಸಿದರೆ ತಾನೆ ಮೂರು, ಗುಣಿಸಿದರೆ ಒಂದೊಂದ್ಲೆ ಒಂದೇ ಎಂದ. ಹಾಗೆ ಗುಣಿಸಿದರೆ ಹತ್ತು ಮಂದಿಯೂ ಒಂದೇ ಆಗ್ತಾರಲ್ಲ ಎಂದು ಗೆರೆಯಾಚೆ ನಿಂತಿದ್ದವಳು ಅವನನ್ನು ಔಟ್ ಮಾಡಿದಳು.

ಕೆಳಗೆ ಆರಾಧನೆ ಮುಗಿಯುತ್ತ ಬಂದಿತ್ತು. ಹಾರ್ಮೋನಿಯಂ ನುಡಿಸುವ ಅಜ್ಜನವರಿಗೆ ನಾನು ಮೊದಲೇ ಹೇಳಿಟ್ಟಿದ್ದೆ. ಮಕ್ಕಳು ಕೆಳಗಿಳಿದು ಸುತ್ತ ಕುಳಿತ ಮೇಲೆ ಅವರು ಷಡ್ಜವನ್ನು ಒತ್ತಿ ಹಿಡಿದರು. ಆ ಸ್ವರ ಹಾಲಿನ ಮೂಲೆ ಮೂಲೆಗೂ ಹೋಯಿತು. ಅದನ್ನು ಬಿಡದೆ ಗಾಂಧಾರವನ್ನು ಒತ್ತಿದರು, ಅದೂ ಹಾಲನ್ನೆಲ್ಲ ತುಂಬಿತು, ಮೊದಲನೆಯದಕ್ಕೆ ಜಾಗ ಕಡಿಮೆಯಾಗಲಿಲ್ಲ. ಆಮೇಲೆ ಪಂಚಮ. ಕಣ್ಣು ಮುಚ್ಚಿ ಕೇಳಿದರೆ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಬಹುದಿತ್ತು, ಆದರೆ ಇದು ಇಲ್ಲಿದೆ, ಅದು ಅಲ್ಲಿದೆ ಎಂದು ಬೆರಳು ಮಾಡಿ ತೋರಿಸುವಂತಿರಲಿಲ್ಲ. ಈವರೆಗೆ ಬಂದ ಹೋಲಿಕೆಗಳಲ್ಲಿ ನನಗೆ ಅತ್ಯಂತ ಹತ್ತಿರದ್ದು ಇದೇ. ಇದೂ ಮುರಿಯುತ್ತದೆ: ಸ್ವರಗಳಿಗೆ ಒಂದರ ಮೇಲೊಂದಕ್ಕೆ ಪ್ರೀತಿಯಿಲ್ಲ. ಒಂದು ಪುಟ್ಟ ಹುಡುಗಿ ಅದನ್ನು ಹೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ನಮ್ಮ ಪಾದ್ರಿ ಅಯ್ಯನವರು ಆಶೀರ್ವಾದಕ್ಕೆ ಕೈಯೆತ್ತಿದರು: ಕರ್ತನಾದ ಯೇಸು ಕ್ರಿಸ್ತನ ಕೃಪೆಯೂ ದೇವರ ಪ್ರೀತಿಯೂ ಪವಿತ್ರಾತ್ಮನ ಅನ್ಯೋನ್ಯತೆಯೂ ನಿಮ್ಮೆಲ್ಲರ ಸಂಗಡ ಇರಲಿ. ಪ್ರತಿ ಭಾನುವಾರ ಕೇಳುವ ಮಾತು. ಅನ್ಯೋನ್ಯತೆ ಎಂಬ ಪದ ಬಂದಾಗ ಆ ಹುಡುಗಿ ನನ್ನ ಕಡೆಗೆ ತಿರುಗಿ, ಮೆಲ್ಲನೆ, "ಯೊರ್ದನ್ ಪ್ರಶ್ನೆ ಪಾಸು" ಎಂದಳು. ಅಜ್ಜನವರು ಇನ್ನೂ ಮೂರು ಮನೆಗಳನ್ನೂ ಒತ್ತಿಯೇ ಹಿಡಿದಿದ್ದರು.

ಹೊರಗೆ ಮಳೆ ಸ್ವಲ್ಪ ಬಿಟ್ಟಿತ್ತು. ಗೇಟಿನ ಎದುರು ನೀಲಿ ತಾಡಪತ್ರಿಯ ಕೆಳಗೆ ನಿಂತಿದ್ದ ಗಾಡಿಯವನಿಂದ ಹದಿನಾಲ್ಕು ಮಂದಿಗೂ ವಡಾಪಾವ್ ಕೊಡಿಸಿದೆ. ಖಾರ ಮುಟ್ಟದ ಆ ಹುಡುಗ ಸಾಲಿನ ಕೊನೆಯಲ್ಲಿದ್ದ. ಗಾಡಿಯವನು ಅವನ ಗುರುತು ಹಿಡಿದು, ಎಂದಿನಂತೆ ಚಟ್ನಿ ಹಾಕದೆ ಕೊಡಲು ಹೋದಾಗ, ಅವನು ಮರಾಠಿಯಲ್ಲಿ ಬೇಡ ಬೇಡ ಎಂದು ತಡೆದು, ಪಾವಿನ ಒಳಗಡೆ ಎರಡೂ ಬದಿಗೆ ಹಚ್ಚಿಸಿಕೊಂಡ. ಮೊದಲ ಕಚ್ಚಿಗೇ ಅವನ ಕಿವಿ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿತು. ನಾನು ನೀರಿನ ಬಾಟಲಿಯನ್ನು ಮುಂದೆ ಹಿಡಿದೆ. ಅದನ್ನು ಕೈಯಲ್ಲಿ ಇಟ್ಟುಕೊಂಡೇ, ಮೂಗೊರೆಸಿಕೊಂಡು, "ಬಿಡಬಾರದು ಅಂದ್ರಲ್ಲ ಟೀಚರ್" ಎಂದು ಹೇಳಿ ಅವನು ಎರಡನೆಯ ತುತ್ತು ಕಚ್ಚಿದ.